ಹಂತದ ಮೇಡಂ ಕತ್ತರಿಸಿದ ಒಂದು ಅಂಕ

ಗಣಿತದ ಮೇಡಂಗೆ ಅಪ್ಪ ಅಮ್ಮ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಕ್ಕಳಿಗೆ, ಮಕ್ಕಳ ಅಪ್ಪಂದಿರಿಗೆ, ಗೇಟು ಕಾಯುವವನಿಗೆ ಎಲ್ಲರಿಗೂ ಅವರು ಹಂತದ ಮೇಡಂ. ಇಪ್ಪತ್ತೊಂಬತ್ತು ವರ್ಷದಿಂದ ಹತ್ತನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದರು, ಇಪ್ಪತ್ತೊಂಬತ್ತು ವರ್ಷವೂ ಅವರದು ಒಂದೇ ಹಟ. ಉತ್ತರ ಸರಿಯಿದ್ದು ಹಂತಗಳಿಲ್ಲದಿದ್ದರೆ ಸೊನ್ನೆ. ಉತ್ತರ ತಪ್ಪಿದ್ದು ಹಂತಗಳು ಸರಿಯಿದ್ದರೆ ಐದಕ್ಕೆ ನಾಲ್ಕು. ಐದಕ್ಕೆ ಐದು ಯಾರಿಗೂ ಇಲ್ಲ. ಎಲ್ಲ ಸರಿಯಿದ್ದರೂ ಕನ್ನಡಕ ಮೇಲಕ್ಕೆತ್ತಿ, ಕೆಳಕ್ಕಿಳಿಸಿ, ಹುಡುಕಿ ಹುಡುಕಿ ಎಲ್ಲಾದರೂ ಅರ್ಧ ಅಂಕ ಕತ್ತರಿಸದಿದ್ದರೆ ಅವರಿಗೆ ಅಂದಿನ ಊಟ ರುಚಿಸುತ್ತಿರಲಿಲ್ಲ.

ಜಗಳಕ್ಕೆ ಬಂದವರಿಲ್ಲವೆಂದಲ್ಲ. ಒಮ್ಮೆ ಒಬ್ಬ ಎಂಜಿನಿಯರ್ ಅಪ್ಪ ಮಗನ ಉತ್ತರ ಪತ್ರಿಕೆ ಹಿಡಿದು ದುಮುದುಮು ಎನ್ನುತ್ತ ಬಂದಿದ್ದರು. ಮೇಡಂ ಅವರ ಕೈಗೆ ಸೀಮೆಸುಣ್ಣ ಕೊಟ್ಟು, "ನೀವೇ ಬಿಡಿಸಿ ತೋರಿಸಿ ಸರ್" ಎಂದರು. ಇಪ್ಪತ್ತು ನಿಮಿಷ ಬೋರ್ಡಿನ ಮುಂದೆ ಬೆವರು ಒರೆಸಿಕೊಂಡ ಆ ಮನುಷ್ಯ, ಎರಡು ಹಂತ ಹಾರಿಸಿದ್ದಕ್ಕೆ ಮಗನಿಗಿಂತ ಅರ್ಧ ಅಂಕ ಕಡಿಮೆ ಪಡೆದು ಬಾಯಿ ಮುಚ್ಚಿಕೊಂಡು ವಾಪಸ್ ಹೋದರು. ಆಮೇಲೆ ಬೀದಿಯಲ್ಲಿ ಸಿಕ್ಕಾಗಲೆಲ್ಲ ಮೇಡಂಗೆ ನಿಂತು ನಮಸ್ಕಾರ ಮಾಡುತ್ತಿದ್ದರು.

ಅವರ ಇನ್ನೊಂದು ನಿಯಮ, ತರಗತಿಯಲ್ಲಿ ಯಾರೂ ರಬ್ಬರ್ ಇಟ್ಟುಕೊಳ್ಳುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಒಳಗಿನ ಅಕ್ಷರ ಕಾಣುವ ಹಾಗೆ. "ನೀವು ಎಲ್ಲಿ ದಾರಿ ತಪ್ಪಿದ್ರಿ ಅಂತ ನನಗೆ ಗೊತ್ತಾಗ್ಬೇಕು, ನಿಮಗೂ ಗೊತ್ತಾಗ್ಬೇಕು" ಎನ್ನುತ್ತಿದ್ದರು. ಇಂಥ ಮೇಡಂ ಕೈಗೆ ಆ ವರ್ಷ ಸಿಕ್ಕವಳು, ಎಲ್ಲಿಂದ ಬರುತ್ತಾಳೆ ಹೇಗೆ ಬರುತ್ತಾಳೆ ಎಂದು ಜಪ್ಪಯ್ಯ ಎಂದರೂ ಬಾಯಿ ಬಿಡದ ಒಬ್ಬ ಹುಡುಗಿ.

ವರ್ಷದ ನಡುವೆ ಬೇರೆ ಶಾಲೆಯಿಂದ ಬಂದು ಸೇರಿದ್ದಳು. ವಯಸ್ಸು ಹದಿನಾರು. ಬೆನ್ನಿನ ಮೇಲೆ ತನ್ನಷ್ಟೇ ದಪ್ಪದ ಒಂದು ನೀಲಿ ಬ್ಯಾಗು. ಬೆಂಚಿನ ಮೇಲೆ ಕೂತಾಗಲೂ ಇಳಿಸುವುದಿಲ್ಲ, ಆಟದ ಮೈದಾನದಲ್ಲಿ ಓಡುವಾಗಲೂ ಇಳಿಸುವುದಿಲ್ಲ. ಮಕ್ಕಳು ಎರಡೇ ದಿನದಲ್ಲಿ ಬ್ಯಾಗಮ್ಮ ಎಂದು ಹೆಸರಿಟ್ಟರು. ಹಾಗೆಂದು ಕರೆದ ಮೊದಲ ಹುಡುಗನ ಮೂಗಿನಿಂದ ರಕ್ತ ಬಂತು, ಎರಡನೆಯವನ ಕೈಮೇಲೆ ಹಲ್ಲಿನ ಗುರುತು ಮೂಡಿತು. ಮೂರನೆಯವನು ಹುಟ್ಟಿಕೊಳ್ಳಲಿಲ್ಲ. ಶಿಕ್ಷಕರ ಕೋಣೆಯ ಸಿಂಕಿನಿಂದ ಸೋಪು ಪದೇ ಪದೇ ಮಾಯವಾಗತೊಡಗಿದಾಗ ಎಲ್ಲರ ಕಣ್ಣೂ ಆ ಬ್ಯಾಗಿನ ಮೇಲೆಯೇ ಹೋಯಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಇಪ್ಪತ್ತು ಲೆಕ್ಕಕ್ಕೆ ಹತ್ತೊಂಬತ್ತು ಸರಿ ಉತ್ತರ ಬರೆದಿದ್ದಳು. ಹಂತ ಒಂದೂ ಇಲ್ಲ. ಬಿಳಿ ಹಾಳೆಯ ಮೇಲೆ ಹತ್ತೊಂಬತ್ತು ಸಂಖ್ಯೆಗಳು ಅನಾಥವಾಗಿ ಕೂತಿದ್ದವು. ಮೇಡಂ ಸೊನ್ನೆ ಹಾಕಿದರು. ಹುಡುಗಿ ಹಾಳೆಯನ್ನು ನೋಡಿದಳು, ಮೇಡಂ ಮುಖ ನೋಡಿದಳು, ಹೊರಗೆ ಹೋಗಿ ನೋಟಿಸ್ ಬೋರ್ಡಿನ ಗಾಜನ್ನು ಕಂಪಾಸ್ ಪೆಟ್ಟಿಗೆಯಿಂದ ಒಡೆದಳು.

ಹೆಡ್‌ಮಾಸ್ಟರು ಇತಿಹಾಸದವರು. ಲೆಕ್ಕವೆಂದರೆ ಅವರಿಗೆ ಒಂದು ಇಸವಿಯಿಂದ ಇನ್ನೊಂದು ಇಸವಿ ಕಳೆಯುವುದು. ಕೆಟ್ಟವರಲ್ಲ, ಆದರೆ ಶಾಲೆಯ ಹೆಸರು ಕೆಡುತ್ತದೆ ಎನ್ನುವ ಮಾತು ಕಿವಿಗೆ ಬಿದ್ದರೆ ನಿಂತ ನಿಲುವಿನಲ್ಲೇ ಕಂಪಿಸುವವರು.

"ಕಾಪಿ ಹೊಡೆದಿದ್ದಾಳೆ, ಇದರಲ್ಲಿ ನೋಡೋದೇನಿದೆ?" ಎಂದರು. "ಪಬ್ಲಿಕ್ ಪರೀಕ್ಷೇಲಿ ಇದೇ ಕೆಲಸ ಮಾಡಿ ಸಿಕ್ಕಿಬಿದ್ರೆ ಮರ್ಯಾದೆ ಯಾರದ್ದು ಹೋಗೋದು? ಇವಳ ಫಾರಂ ನಾನು ಕಳಿಸೋದಿಲ್ಲ."

"ಕಾಪಿ ಹೊಡೆದ್ರೆ ಅಕ್ಕಪಕ್ಕದವರದ್ದನ್ನ ನೋಡಿ ಹೊಡೀಬೇಕಲ್ಲ ಸರ್," ಎಂದರು ಮೇಡಂ. "ಇವಳ ಎಡಗಡೆಯವಳಿಗೆ ನಾಲ್ಕು, ಬಲಗಡೆಯವನಿಗೆ ಆರು. ಅವರ ಉತ್ತರ ನೋಡಿದ್ರೆ ಕಳ್ಳರೂ ಮುಟ್ಟೋದಿಲ್ಲ."

"ಮತ್ತೆ ನೀವೇ ಸೊನ್ನೆ ಹಾಕಿದ್ದೀರಲ್ಲ!"

"ಅದು ಬೇರೆ ವಿಷಯ. ಇವಳು ತಲೆಯಲ್ಲೇ ಲೆಕ್ಕ ಮಾಡ್ತಾಳೆ. ತಲೆ ಒಳಗಿರೋದನ್ನ ಹಾಳೆ ಮೇಲೆ ಇಳಿಸೋಕೆ ಬರೋದಿಲ್ಲ, ಅಥವಾ ಇಷ್ಟ ಇಲ್ಲ. ನನಗೆ ಟೈಮ್ ಕೊಡಿ."

ಫಾರಂ ಹೋಗಬೇಕಾದ್ದು ಆರು ವಾರದ ನಂತರ. ಕೊನೆಗೆ ಮಾತು ಹೀಗೆ ನಿಂತಿತು: ಅದರ ಹಿಂದಿನ ದಿನ ಹೆಡ್‌ಮಾಸ್ಟರ ಕೋಣೆಯಲ್ಲಿ, ಅವರ ಕಣ್ಣೆದುರಿಗೇ ಹುಡುಗಿ ಐದು ಲೆಕ್ಕ ಹಂತ ಸಮೇತ ಬಿಡಿಸಬೇಕು. ಬಿಡಿಸಿದರೆ ಸಹಿ. ಇಲ್ಲವಾದರೆ ಈ ವರ್ಷ ಪರೀಕ್ಷೆಯೂ ಇಲ್ಲ, ಮುಂದಿನ ವರ್ಷ ಇವಳು ಎಲ್ಲಿರುತ್ತಾಳೋ ಬಲ್ಲವರೂ ಇಲ್ಲ. ಬಾಗಿಲ ಹೊರಗೆ ಬ್ಯಾಗಿನ ಪಟ್ಟಿ ಕಚ್ಚುತ್ತ ನಿಂತಿದ್ದ ಹುಡುಗಿಗೆ ಇದೆಲ್ಲ ಕೇಳಿಸಿತ್ತು.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಪಾಠ ಶುರುವಾಯಿತು. ಜಾಗ, ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಹಾಕಿದ್ದ ಮುರುಕು ಬೆಂಚು. ಕಿಟಕಿಯಿಂದ ಬೆಳಕು ಬರುತ್ತಿತ್ತು, ಗುಡಿಸುವವರು ಬೈಯುತ್ತಿರಲಿಲ್ಲ. ಮೊದಲ ವಾರವೆಲ್ಲ ಗೋಡೆಗೆ ತಲೆ ಚಚ್ಚಿಕೊಂಡಂತೆಯೇ ಆಯಿತು.

"ಉತ್ತರ ಸರಿ ಇದೆ ತಾನೆ? ಹೇಗೆ ಬಂತು ಅಂತ ನಿಮಗ್ಯಾಕೆ?" ಎಂದಳು ಹುಡುಗಿ.

"ಉತ್ತರ ತಪ್ಪಿದ ದಿನ ಏನು ಮಾಡ್ತೀಯ? ಹಂತ ಬರ್ದಿದ್ರೆ ಒಂದು ಸಾಲು ಹಿಂದಕ್ಕೆ ಹೋದ್ರೆ ಸಾಕು. ಬರೀದಿದ್ರೆ ಮತ್ತೆ ಮೊದಲಿಂದ."

"ನಂದು ಯಾವಾಗ್ಲೂ ಮೊದಲಿಂದಾನೇ," ಎಂದಳು. ಕೊಬ್ಬಿನಿಂದ ಆಡಿದ ಮಾತೆಂದುಕೊಂಡು ಮೇಡಂ ಅದನ್ನು ಅಲ್ಲಿಗೇ ಬಿಟ್ಟರು.

ಎರಡನೇ ವಾರ ಅವರಿಗೆ ಒಂದು ಉಪಾಯ ಹೊಳೆಯಿತು. ಬೇರೆಯವರು ಕೊಟ್ಟ ಲೆಕ್ಕಕ್ಕೆ ಹಂತ ಬರೆಯಲು ಇವಳಿಗೆ ಬೇಜಾರು. ತಾನೇ ಕಟ್ಟಿದ ಲೆಕ್ಕವಾದರೆ? ಒಂದು ಹೊಸ ನೋಟ್‌ಪುಸ್ತಕ ಕೊಟ್ಟು, "ದಿನಕ್ಕೆರಡು ಲೆಕ್ಕ ನೀನೇ ಕಟ್ಟು. ಸುತ್ತಮುತ್ತ ಏನು ಕಾಣುತ್ತೋ ಅದರಿಂದ. ನೀನೇ ಬಿಡಿಸು, ನಾನು ತಿದ್ದುತ್ತೀನಿ" ಎಂದರು. ಹುಡುಗಿ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ ಬ್ಯಾಗಿಗೆ ತುರುಕಿದಳು.

ನಾಲ್ಕು ದಿನದ ನಂತರ ಪುಸ್ತಕ ಬಂತು. ಮೇಡಂ ಸಂಜೆ ಮನೆಯಲ್ಲಿ ಅದನ್ನು ತೆರೆದು ನೋಡಿದರೆ ಹಂತಗಳು! ಒಂದರ ಕೆಳಗೊಂದು, ಇಟ್ಟಿಗೆ ಜೋಡಿಸಿದ ಹಾಗೆ. ಮೇಡಂ ಕುರ್ಚಿಯಲ್ಲಿ ಕೂತಲ್ಲೇ ಹಿಗ್ಗಿ ಹೋದರು. ಒಂದು ಲೆಕ್ಕವಂತೂ ಅವರಿಗೆ ಬಹಳ ಹಿಡಿಸಿತು. ಅದು ಹೀಗಿತ್ತು:

'ಒಂದು ಹಾಲ್‌ನಲ್ಲಿ ಆರು ಸಾಲು ಕುರ್ಚಿಗಳಿವೆ. ಸಾಲಿಗೆ ಎಂಟು ಕುರ್ಚಿ. ಎರಡು ಸಾಲುಗಳಲ್ಲಿ ಕುರ್ಚಿ ಕುರ್ಚಿಯ ನಡುವೆ ಕಬ್ಬಿಣದ ಕೈ ಇದೆ, ಅಲ್ಲಿ ಮಲಗಲು ಆಗುವುದಿಲ್ಲ. ಕಾಲು ಚಾಚಿ ಮಲಗಲು ಒಬ್ಬರಿಗೆ ಮೂರು ಕುರ್ಚಿ ಬೇಕು, ಮುದುಡಿಕೊಂಡರೆ ಎರಡು ಸಾಕು. ಹಾಗಾದರೆ ಕಾಲು ಚಾಚಿದರೆ ಎಷ್ಟು? ಮುದುಡಿಕೊಂಡರೆ ಎಷ್ಟು?'

ದಡ್ಡರಾಗಿದ್ದರೆ ಉಳಿದ ಮೂವತ್ತೆರಡು ಕುರ್ಚಿಯನ್ನು ಮೂರರಿಂದ ಭಾಗಿಸಿ ಹತ್ತು ಎಂದು ಬರೆದುಬಿಡುತ್ತಿದ್ದರು. ಇವಳು ಹಾಗೆ ಮಾಡಿರಲಿಲ್ಲ. ಒಂದು ಸಾಲಿನ ಕೊನೆಯಲ್ಲಿ ತಲೆಯಿಟ್ಟು ಇನ್ನೊಂದು ಸಾಲಿಗೆ ಕಾಲು ಚಾಚಲು ಆಗುವುದಿಲ್ಲವೆಂದು, ಸಾಲಿಗೆ ಇಬ್ಬರಂತೆ ಎಂಟು ಎಂದು ಬರೆದಿದ್ದಳು. ಮುದುಡಿಕೊಂಡರೆ ಹದಿನಾರು. ಮೇಡಂ ಅಂಚಿನಲ್ಲಿ, 'ಭೇಷ್! ಸಾಲುಗಳು ಬೇರೆಬೇರೆ ಎಂಬುದನ್ನು ಗಮನಿಸಿದ್ದೀಯ' ಎಂದು ಬರೆದರು. ಆದರೆ ಹಂತದ ಮೇಡಂ ಅಲ್ಲವೆ, ಕೈ ಸುಮ್ಮನಿರಲಿಲ್ಲ. ಉತ್ತರದ ಮುಂದೆ ಏಕಮಾನ ಇರಲಿಲ್ಲ. 'ಹದಿನಾರು ಏನು? ಜನರೋ, ಕುರ್ಚಿಯೋ?' ಎಂದು ಗೀಚಿ ಒಂದು ಅಂಕ ಕತ್ತರಿಸಿದರು.

ಮುಂದಿನ ಲೆಕ್ಕ ಬಸ್ಸಿನದು. 'ಊರು ಸುತ್ತುವ ಮೊದಲ ಬಸ್ಸು ಐದು ಗಂಟೆಗೆ ಹೊರಡುತ್ತದೆ. ಒಂದು ಸುತ್ತಿಗೆ ಒಂದು ಗಂಟೆ ಹತ್ತು ನಿಮಿಷ. ಬಸ್‌ಸ್ಟ್ಯಾಂಡ್ ಪಕ್ಕದ ಶಾಲೆಯ ಗೇಟು ಎಂಟೂವರೆಗೆ ತೆರೆಯುತ್ತದೆ. ಪಾಸ್ ಇರುವ ಒಬ್ಬಳು ಎಷ್ಟು ಸುತ್ತು ಕೂರಬೇಕು?' ಹಂತಗಳು ಚೊಕ್ಕಟ, ಉತ್ತರ ಮೂರು ಸುತ್ತು. ಮೇಡಂ ಇಲ್ಲಿ ಅರ್ಧ ಅಂಕ ಮಾತ್ರ ಕತ್ತರಿಸಿದರು, ಅದೂ ಗೆರೆ ಸೊಟ್ಟಗಿದ್ದದ್ದಕ್ಕೆ.

ಮನೆಯಲ್ಲಿ ಮೇಡಂ ಮತ್ತು ಅವರ ಅಕ್ಕ ಇಬ್ಬರೇ. ಅಕ್ಕ ಮೂವತ್ತೈದು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಸೊಂಟ ನೋವು, ನಾಲಿಗೆ ಚೂಪು. ತಂಗಿ ಇಷ್ಟು ಖುಷಿಯಾಗಿರುವುದನ್ನು ಕಂಡು ಅನುಮಾನ ಬಂದು, ಕನ್ನಡಕ ಏರಿಸಿಕೊಂಡು ಆ ಪುಸ್ತಕವನ್ನು ಎಳೆದುಕೊಂಡರು. ಅಕ್ಕನಿಗೆ ಗುಣಿಸುವುದು ಭಾಗಿಸುವುದು ಮರೆತು ಯಾವ ಕಾಲವಾಗಿತ್ತೋ. ಹಾಗಾಗಿ ಅವರು ಅಂಕಿಗಳನ್ನು ಬಿಟ್ಟು ಮಾತುಗಳನ್ನು ಓದಿದರು. ಓದಿ, ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟರು.

"ಈ ಮಗು ಎಲ್ಲಿ ಮಲಗುತ್ತೆ?"

"ಯಾವ ಮಗು?"

"ಇದನ್ನ ಬರ್ದಿರೋ ಮಗು. ಕುರ್ಚಿ ಮಧ್ಯೆ ಕಬ್ಬಿಣದ ಕೈ ಇದ್ರೆ ಮಲಗೋಕಾಗಲ್ಲ ಅಂತ ಕೂತು ಯೋಚನೆ ಮಾಡಿದ್ರೆ ಗೊತ್ತಾಗುತ್ತಾ ಕಣೇ? ಪಕ್ಕೆಗೆ ಒತ್ತಿದ್ರೆ ಗೊತ್ತಾಗುತ್ತೆ. ನೀನು ಹದಿನಾರು ಏನು ಅಂತ ಕೇಳ್ತಾ ಕೂತಿದ್ದೀಯಲ್ಲ!"

ಮೇಡಂ ಪುಸ್ತಕ ಕಿತ್ತುಕೊಂಡು ಮತ್ತೆ ಓದಿದರು. ಆ ಆರು ಸಾಲು ಕುರ್ಚಿ ರೈಲ್ವೆ ಸ್ಟೇಷನ್ನಿನ ಕಾಯುವ ಕೋಣೆಯದು, ತಾವೇ ಎಷ್ಟೋ ಸಲ ಅಲ್ಲಿ ಕೂತಿದ್ದರು. ಇಳಿಯದ ಬ್ಯಾಗು, ಕಾಣೆಯಾದ ಸೋಪು, 'ನಂದು ಯಾವಾಗ್ಲೂ ಮೊದಲಿಂದಾನೇ' ಎಂದ ಮಾತು. ಹಂತ ಹಂತವಾಗಿ ಎಲ್ಲವನ್ನೂ ಆ ಹುಡುಗಿ ಬರೆದು ಕೈಗೇ ಕೊಟ್ಟಿದ್ದಳು. ಅವರೋ ಗೆರೆ ಸೊಟ್ಟಗಿದೆ ಎಂದು ಅರ್ಧ ಅಂಕ ಕತ್ತರಿಸಿದ್ದರು. ಅಂಚಿನಲ್ಲಿ ತಾವು ಗೀಚಿದ 'ಹದಿನಾರು ಏನು?' ಎಂಬುದನ್ನು ಅಳಿಸಿಬಿಡೋಣ ಎನ್ನಿಸಿತು. ಆದರೆ ಮನೆಯಲ್ಲೂ ರಬ್ಬರ್ ಇರಲಿಲ್ಲ, ಮತ್ತು ನಿಯಮ ನಿಯಮವೇ. ಅದರ ಮೇಲೆ ಒಂದೇ ಒಂದು ಗೆರೆ ಎಳೆದರು, ಒಳಗಿನ ಅಕ್ಷರ ಕಾಣುವ ಹಾಗೆ.

ಬೆಳಗಿನ ಐದಕ್ಕೆ ಮೇಡಂ ಬಸ್‌ಸ್ಟ್ಯಾಂಡಿನಲ್ಲಿದ್ದರು. ಹುಡುಗಿ ಬಸ್ಸಿನ ಮೂರನೇ ಸೀಟಿನಲ್ಲಿ, ಬ್ಯಾಗನ್ನು ಎದೆಗೆ ಅಪ್ಪಿಕೊಂಡು, ಗಾಜಿಗೆ ಹಣೆ ಒತ್ತಿ ಆಗಲೇ ನಿದ್ದೆ ಹೋಗಿದ್ದಳು. ಮೇಡಂ ಎಬ್ಬಿಸಲೆಂದು ಕೈ ಚಾಚಿದಾಗ ಕಂಡಕ್ಟರ್ ಮೆಲ್ಲಗೆ, "ಎಬ್ಬಿಸ್ಬೇಡಿ ಮೇಡಂ. ಮೂರನೇ ಸುತ್ತಲ್ಲಿ ತಾನೇ ಏಳ್ತಾಳೆ" ಎಂದ. ಅಂದರೆ ಅವನಿಗೆ ಗೊತ್ತಿತ್ತು. ಅಂಕಿಗೆ ಕಣ್ಣು ನೆಟ್ಟು ಕೂರದವರಿಗೆಲ್ಲ ಗೊತ್ತಾಗುತ್ತಿತ್ತು ಎಂದುಕೊಂಡು ಮೇಡಂ ಪಕ್ಕದ ಸೀಟಿನಲ್ಲಿ ಕೂತರು. ಕಾಲು ಜೋಮು ಹಿಡಿದರೂ ಅಲುಗಾಡದೆ ಎರಡು ಸುತ್ತು ಕೂತರು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಏನನ್ನೂ ತಿದ್ದದೆ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ಕಣ್ಣು ಬಿಟ್ಟ ಹುಡುಗಿ ಮೊದಲು ಬ್ಯಾಗನ್ನು ಬಿಗಿಯಾಗಿ ಹಿಡಿದಳು, ಆಮೇಲೆ ಸಿದ್ಧವಾಗಿಟ್ಟುಕೊಂಡಿದ್ದ ಸುಳ್ಳನ್ನು ಹೊರತೆಗೆದಳು. "ಚಿಕ್ಕಮ್ಮನ ಮನೆಗೆ ಹೋಗಿದ್ದೆ ಮೇಡಂ."

ಮೇಡಂ ಆ ಪುಸ್ತಕ ತೆರೆದು ಅಂಚನ್ನು ತೋರಿಸಿದರು. ಹುಡುಗಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ತಪ್ಪು ನಂದು," ಎಂದರು ಮೇಡಂ. "ಲೆಕ್ಕ ನೋಡ್ದೆ. ಓದ್ಲಿಲ್ಲ."

ಅಷ್ಟು ಹೊತ್ತಿಗೆ ಬಸ್ಸು ಮಾರ್ಕೆಟ್ ದಾಟಿತ್ತು. ಹುಡುಗಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. ಅಪ್ಪ ಮೊದಲೇ ಇಲ್ಲ, ಅಮ್ಮ ತೀರಿಕೊಂಡು ಒಂದೂವರೆ ವರ್ಷ. ಅಣ್ಣ ಅತ್ತಿಗೆ ಮನೆಯಲ್ಲಿದ್ದಳು. ಒಂದೇ ಕೋಣೆಯ ಮನೆ, ಅತ್ತಿಗೆಗೆ ಎರಡನೇ ಮಗು ಆಯಿತು. "ಯಾರೂ ಆಚೆ ಹಾಕ್ಲಿಲ್ಲ ಮೇಡಂ. ತೊಟ್ಟಿಲು ಬಂತು, ನನ್ನ ಹಾಸಿಗೆಗೆ ಜಾಗ ಇರ್ಲಿಲ್ಲ. ಸ್ನೇಹಿತೆ ಮನೆಗೆ ಹೋಗ್ತೀನಿ ಅಂದೆ, ಹೂಂ ಅಂದ್ರು. ಯಾವ ಸ್ನೇಹಿತೆ ಅಂತ ಕೇಳ್ಲಿಲ್ಲ." ಹೇಳಿ ಮುಗಿಸಿ, ತಟ್ಟನೆ ತಿರುಗಿದಳು. "ಯಾರಿಗೂ ಹೇಳಬಾರದು. ಪ್ರಾಮಿಸ್ ಮಾಡಿ."

ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಮಾತು ಕೊಟ್ಟುಬಿಡುತ್ತಿದ್ದರು. ಮೇಡಂ ಕೊಡಲಿಲ್ಲ, ಆ ಒಂದು ವಿಷಯಕ್ಕೇ ಅವರಿಗೆ ಕೈ ಮುಗಿಯಬೇಕು.

"ಹೇಳ್ತೀನಿ. ಇಬ್ಬರಿಗೆ. ಒಬ್ರು ನಮ್ಮಕ್ಕ, ಯಾಕಂದ್ರೆ ಕಂಡುಹಿಡಿದಿದ್ದು ಅವರೇ. ಇನ್ನೊಬ್ರು ಮಕ್ಕಳ ಕಲ್ಯಾಣ ಕಚೇರಿ ಅಧಿಕಾರಿ, ಯಾಕಂದ್ರೆ ನಿನ್ನನ್ನ ಕದ್ದುಮುಚ್ಚಿ ಇಟ್ಕೊಳ್ಳೋಕೆ ನೀನು ಸೋಪಲ್ಲ. ನೀನು ನಮ್ಮನೇಲಿ ಇರೋಕೆ ನಿಮ್ಮಣ್ಣನ ಸಹಿ ಬೇಕಾಗುತ್ತೆ, ಅದನ್ನ ಅವರು ತಗೋತಾರೆ. ಅವರ ಹತ್ರ ನಾನು ಮಾತಾಡೋವಾಗ ನೀನೂ ಪಕ್ಕದಲ್ಲೇ ಇರ್ಬೇಕು. ಹೆಡ್‌ಮಾಸ್ಟರಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು."

ಹುಡುಗಿಗೆ ಸೋಪಿನ ಮಾತಿಗೆ ನಗು ಬಂತು, ತಡೆದುಕೊಂಡಳು. "ಹೆಡ್‌ಮಾಸ್ಟರಿಗೆ ಬೇಡ. ಅಯ್ಯೋ ಪಾಪ ಅಂತ ಸಹಿ ಹಾಕ್ತಾರೆ. ನನಗೆ ಪಾಪ ಬೇಡ."

"ನನಗೂ ಬೇಡ," ಎಂದರು ಮೇಡಂ. "ಹಂತ ಬರ್ದು ಸಹಿ ತಗೋ."

ಕಚೇರಿಯ ಅಧಿಕಾರಿ ಬಂದು ಮೇಡಂ ಮನೆ ನೋಡಿದರು, ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದರು, ಅಣ್ಣನನ್ನು ಕರೆಸಿ ಸಹಿ ತೆಗೆದುಕೊಂಡರು. ಅಣ್ಣ ಸಹಿ ಹಾಕುವಾಗ ತಲೆ ಎತ್ತಲಿಲ್ಲ. ಹೀಗೆ ಹುಡುಗಿ ಮೇಡಂ ಮನೆಗೆ ಬಂದಳು. ಎರಡು ಕೋಣೆ, ಕೋಣೆಗೊಂದು ಮಂಚ, ನಡುವೆ ಅಡುಗೆಮನೆ. ಅವಳಿಗೊಂದು ಹಾಸಿಗೆ ತಂದರು. ಅವಳು ಅದನ್ನು ಬೀದಿ ಬಾಗಿಲ ಪಕ್ಕಕ್ಕೆ ಎಳೆದುಕೊಂಡು, ಬ್ಯಾಗು ಬೆನ್ನಿಗಿರುವಂತೆಯೇ ಪಕ್ಕಕ್ಕೆ ತಿರುಗಿ ಮಲಗಿದಳು.

"ಆಮೆ ಸಾಕಿದ ಹಾಗಾಯ್ತು," ಎಂದರು ಅಕ್ಕ.

ಮೇಡಂಗೆ ಬ್ಯಾಗು ಇಳಿಸು ಎಂದು ಹೇಳಬೇಕೆಂಬ ಆಸೆ ಬಾಯಿ ತುದಿಗೆ ಬಂದು ಬಂದು ಹೋಗುತ್ತಿತ್ತು. ಅಕ್ಕ ಕಣ್ಣಲ್ಲೇ ಗದರಿಸಿ ಸುಮ್ಮನಿರಿಸುತ್ತಿದ್ದರು. ಒಂದು ವಾರವಾದ ಮೇಲೆ ಹಾಸಿಗೆಯ ಸುತ್ತ ಇರುವೆ ಸಾಲು ಹತ್ತಿತು. ಬ್ಯಾಗಿನಲ್ಲಿ ಬ್ರೆಡ್ಡಿನ ಚೂರುಗಳಿದ್ದವು. ಹುಡುಗಿ ಮುಖ ಬಿಳಿಚಿಕೊಂಡು ನಿಂತಳು. ಅಕ್ಕ ಒಳಗೆ ಹೋಗಿ ಬಿಗಿ ಮುಚ್ಚಳದ ಒಂದು ಡಬ್ಬಿ ತಂದು ಅವಳ ಕೈಗಿಟ್ಟು, "ಕದ್ದಿಡೋದಾದ್ರೆ ಸರಿಯಾಗಿ ಕದ್ದಿಡ್ಬೇಕಮ್ಮ. ಇದರಲ್ಲಿ ಹಾಕು, ಇರುವೆ ಬರಲ್ಲ" ಎಂದರು. ಅಷ್ಟೇ. ಹನ್ನೊಂದನೇ ದಿನ ಅಕ್ಕ ಸುತ್ತಿಗೆ ಹಿಡಿದು ಸೊಂಟ ಹಿಡಿದುಕೊಂಡೇ ಗೋಡೆಗೆ ಒಂದು ದಪ್ಪ ಮೊಳೆ ಹೊಡೆದರು. ಯಾಕೆಂದು ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ನೀಲಿ ಬ್ಯಾಗು ಮೊಳೆಯ ಮೇಲಿತ್ತು. ಮೇಡಂ ಅದನ್ನು ನೋಡಿಯೂ ನೋಡದವರಂತೆ ಹಲ್ಲುಜ್ಜಲು ಹೋದರು, ಹಲ್ಲುಜ್ಜುತ್ತ ಅತ್ತರು. ಆದರೂ ಹುಡುಗಿ ಶಾಲೆಗೆ ಹೊರಡುವಾಗ ಎಲ್ಲವನ್ನೂ ತುಂಬಿಕೊಂಡೇ ಹೊರಡುತ್ತಿದ್ದಳು. ಬಟ್ಟೆ, ಬಾಚಣಿಗೆ, ಅಮ್ಮನ ಫೋಟೊ ಎಲ್ಲ. ವಾಪಸ್ ಬರುವ ಖಾತ್ರಿ ಇನ್ನೂ ಇರಲಿಲ್ಲ.

ಕತೆ ಇಲ್ಲಿಂದ ನೆಟ್ಟಗೆ ನಡೆಯಿತು ಎಂದರೆ ಅದು ಸುಳ್ಳು. ಐದನೇ ವಾರದಲ್ಲಿ ತರಗತಿಯ ಹುಡುಗಿಯೊಬ್ಬಳು, "ಮೇಡಂ ಮನೇಲಿ ಪಾತ್ರೆ ತೊಳೆದ್ರೆ ಅಂಕ ಕೊಡ್ತಾರಂತೆ" ಎಂದಳು. ಅವಳ ಕಪಾಳಕ್ಕೆ ಒಂದು ಬಿತ್ತು. ಹೆಡ್‌ಮಾಸ್ಟರು, ಇನ್ನೊಂದು ದೂರು ಬಂದರೆ ಪರೀಕ್ಷೆಯ ಮಾತೇ ಇಲ್ಲ ಎಂದರು. ಆ ಸಂಜೆ ಹುಡುಗಿ ಮನೆಗೆ ಬರಲಿಲ್ಲ. ಅಕ್ಕ ಊಟ ಮಾಡಲಿಲ್ಲ. ಮೇಡಂ ಸ್ಟೇಷನ್ನಿಗೆ ಓಡಿದರು, ಆರೂ ಸಾಲು ನೋಡಿದರು, ಅಲ್ಲಿರಲಿಲ್ಲ. ಕಚೇರಿಯ ಅಧಿಕಾರಿಗೆ ಫೋನು ಮಾಡಿದರು. ಬೆಳಕು ಹರಿಯುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಂತರು.

ಮೂರನೇ ಸೀಟು. ಹುಡುಗಿ ಎಚ್ಚರವಾಗಿದ್ದಳು, ಕಣ್ಣು ಕೆಂಪಾಗಿತ್ತು. "ಎಲ್ಲಾ ಹಾಳಾಯ್ತು ಮೇಡಂ. ಇನ್ನು ಮೊದಲಿಂದ," ಎಂದಳು.

ಮೇಡಂ ಉಸಿರು ಸುಧಾರಿಸಿಕೊಂಡು ಪಕ್ಕದಲ್ಲಿ ಕೂತರು. "ಮೊದಲಿಂದ ಯಾಕೆ? ಬಂದಿದ್ದು ಸರಿ, ಡಬ್ಬಿ ಸರಿ, ಮೊಳೆ ಸರಿ, ಹಂತ ಬರ್ದಿದ್ದು ಸರಿ. ನಿನ್ನೆ ಹನ್ನೊಂದು ಗಂಟೇಲಿ ಒಂದು ಕಪಾಳಕ್ಕೆ ಹೊಡೆದಿದ್ದು ತಪ್ಪು. ಒಂದು ಸಾಲು ಹಿಂದಕ್ಕೆ ಹೋದ್ರೆ ಸಾಕು. ಅವಳ ಹತ್ರ ಹೋಗಿ ತಪ್ಪಾಯ್ತು ಅನ್ನು, ಮುಂದಿನ ಸಾಲು ಬರಿ."

"ಅವಳು ಹೇಳಿದ್ದೂ ತಪ್ಪು," ಎಂದಳು ಹುಡುಗಿ.

"ಅದು ಅವಳ ಹಾಳೆ. ಅದನ್ನ ನಾನು ತಿದ್ದುತ್ತೀನಿ ಬಿಡು," ಎಂದರು ಮೇಡಂ. ಅದೇ ದಿನ ಹೇಗೆ ತಿದ್ದಿದರೆಂದರೆ ಆ ಹುಡುಗಿ ವರ್ಷವಿಡೀ ಪಾತ್ರೆಯ ಮಾತೆತ್ತಲಿಲ್ಲ.

ಒಂದೇ ಸುತ್ತಿಗೆ ಇಬ್ಬರೂ ಇಳಿದರು. ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಬೈಗುಳದ ಮಳೆ ಸುರಿಸುತ್ತಲೇ ತಟ್ಟೆ ಹಾಕಿದರು.

ಆರನೇ ವಾರ, ಬೆಳಿಗ್ಗೆ ಶಾಲೆ ಶುರುವಾಗುವ ಮೊದಲೇ, ಹೆಡ್‌ಮಾಸ್ಟರ ಕೋಣೆ. ಮೇಜಿನ ಮೇಲೆ ಫಾರಂ, ಪಕ್ಕದಲ್ಲಿ ಮೊಹರು. ಹೆಡ್‌ಮಾಸ್ಟರು ಹಳೆಯ ಪ್ರಶ್ನೆಪತ್ರಿಕೆಗಳಿಂದ ನಾಲ್ಕು ಲೆಕ್ಕ ಆರಿಸಿ ಇಟ್ಟಿದ್ದರು. "ಹಳೇ ಲೆಕ್ಕ ಉರು ಹೊಡೆದಿರಬಹುದು," ಎಂದರು ಅನುಮಾನದಿಂದ. "ಐದನೇದು ಎಲ್ಲೂ ಅಚ್ಚಾಗಿರದ ಲೆಕ್ಕ ಆಗ್ಬೇಕು. ನೀನೇ ಕಟ್ಟು, ನೀನೇ ಬಿಡಿಸು." ಮೇಡಂ ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಹುಡುಗಿ ಬರೆಯಲು ಕೂತು ಕೈ ಹಿಂದಕ್ಕೆ ಚಾಚಿದಳು. ಬೆನ್ನು ಖಾಲಿ. ಆಗಲೇ ಮೇಡಂಗೂ ಅದು ಕಂಡದ್ದು.

"ಪೆನ್ನಿಲ್ವಾ?" ಎಂದರು ಹೆಡ್‌ಮಾಸ್ಟರು. "ಪರೀಕ್ಷೆಗೆ ಬರೋ ಲಕ್ಷಣವಾ ಇದು?"

"ಬ್ಯಾಗಲ್ಲಿದೆ ಸರ್. ಬ್ಯಾಗು ಮನೇಲಿ ಬಿಟ್ಟು ಬಂದೆ," ಎಂದಳು ಹುಡುಗಿ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾದಂತೆ ಮೇಡಂ ಕಡೆ ನೋಡಿದಳು. ಮೇಡಂ ಎದ್ದು ಬಂದು ತಮ್ಮ ಪೆನ್ನನ್ನು ಅವಳ ಮುಂದಿಟ್ಟು, ಅವಳ ಮುಖ ನೋಡುವ ಧೈರ್ಯವಿಲ್ಲದೆ ಮತ್ತೆ ಮೂಲೆಗೆ ಹೋಗಿ ಕೂತರು.

ನಾಲ್ಕು ಲೆಕ್ಕ ಮುಕ್ಕಾಲು ಗಂಟೆಯಲ್ಲಿ ಮುಗಿದವು. ಮೂರನೆಯದರಲ್ಲಿ ಅವಳ ಕೈ ತಟ್ಟನೆ ನಿಂತಿತು. ಹೆಡ್‌ಮಾಸ್ಟರು ಮುಂದಕ್ಕೆ ಬಾಗಿದರು. ಹುಡುಗಿ ಒಂದು ಸಾಲಿನ ಮೇಲೆ ಒಂದೇ ಗೆರೆ ಎಳೆದು, ಅದರ ಹಿಂದಿನ ಸಾಲಿನಿಂದ ಮತ್ತೆ ಹೊರಟಳು. ಮೇಡಂ ತಡೆದುಕೊಂಡಿದ್ದ ಉಸಿರು ಬಿಟ್ಟದ್ದು ಹೊರಗಿನ ಗುಮಾಸ್ತರಿಗೂ ಕೇಳಿಸಿರಬೇಕು. ಐದನೇ ಲೆಕ್ಕಕ್ಕೆ ಅವಳು ಪೆನ್ನಿನ ತುದಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, ಒಂದೇ ಸಮನೆ ಬರೆದು, ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು.

ಮೇಡಂ ನಾಲ್ಕನ್ನೂ ತಿದ್ದಿದರು. ಹದಿನೆಂಟು ಬಂತು, ಇಪ್ಪತ್ತಕ್ಕೆ. ಐದನೆಯದನ್ನು ಹೆಡ್‌ಮಾಸ್ಟರೇ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

'ಒಂದು ಮನೆಯಲ್ಲಿ ಎರಡು ಕೋಣೆ, ಕೋಣೆಗೊಂದು ಮಂಚ. ಒಬ್ಬರಿಗೆ ಸೊಂಟ ನೋವು, ಮಂಚವೇ ಬೇಕು. ಇನ್ನೊಬ್ಬರು ಗೊರಕೆ ಹೊಡೆಯುತ್ತಾರೆ, ಒಪ್ಪಿಕೊಳ್ಳುವುದಿಲ್ಲ. ಅವರಿಗೂ ಮಂಚವೇ ಬೇಕು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವುದಿಲ್ಲ. ಮೂರನೆಯವಳಿಗೆ ನೆಲವೇ ಇಷ್ಟ. ಮೊದಲು ಅವಳು ಬಾಗಿಲ ಪಕ್ಕ ಮಾತ್ರ ಮಲಗುತ್ತಿದ್ದಳು. ಈಗ ಯಾವ ಕೋಣೆಯಾದರೂ ಆಗುತ್ತದೆ. ಮಲಗುವ ವಿಧಾನಗಳು ಎಷ್ಟು? ಮಲಗುವವರು ಒಟ್ಟು ಎಷ್ಟು?'

"ಇದೆಂಥ ಲೆಕ್ಕ!" ಎಂದು ಹೆಡ್‌ಮಾಸ್ಟರು ಹಂತಗಳ ಮೇಲೆ ಬೆರಳಾಡಿಸಿದರು. ಸೊಂಟ ನೋವಿನವರಿಗೆ ಎರಡು ವಿಧ, ಆಮೇಲೆ ಗೊರಕೆಯವರಿಗೆ ಉಳಿದದ್ದು ಒಂದೇ, ಮೂರನೆಯವಳಿಗೆ ಎರಡು. ಎರಡು ಗುಣಿಸು ಒಂದು ಗುಣಿಸು ಎರಡು, ನಾಲ್ಕು ವಿಧ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. "ಒಂದು ಕೂಡಿಸು ಒಂದು ಕೂಡಿಸು ಒಂದು. ಆದ್ದರಿಂದ, ಒಟ್ಟು ಮೂರು ಮನೆಯವರು." ಹೆಡ್‌ಮಾಸ್ಟರು ತಲೆ ಎತ್ತಿದರು. "ಮೇಡಂ, ಏಕಮಾನ ತಪ್ಪಲ್ವಾ ಇದು? ಮೂರು ಜನ ಅಂತ ತಾನೆ ಬರೀಬೇಕು?"

ಮೇಡಂ ಹಾಳೆ ತೆಗೆದುಕೊಂಡರು. ಕನ್ನಡಕ ಮೇಲಕ್ಕೆತ್ತಿದರು, ಕೆಳಕ್ಕಿಳಿಸಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ನೋಡಿದರು. ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗೆ ಕಾ‌ಣುತ್ತಿದ್ದವು, ಆದರೂ ನೋಡಿದರು. ಹುಡುಗಿ ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಇಲ್ಲ ಸರ್," ಎಂದರು ಮೇಡಂ. "ಏಕಮಾನ ಸರಿಯಾಗಿದೆ."

ಐದಕ್ಕೆ ಐದು ಹಾಕಿ, ಹಾಳೆಯನ್ನು ಹೆಡ್‌ಮಾಸ್ಟರ ಮುಂದಿಟ್ಟು, ಫಾರಂ ಅನ್ನು ಅವರ ಕೈಹತ್ತಿರಕ್ಕೆ ಸರಿಸಿದರು.